ಮಷೀನಿಗೆ ಉಡಿ ತುಂಬಿಸಿದ ದೊಡ್ಡವ್ವ

ದೊಡ್ಡವ್ವನ ಬಲಗೈಯಲ್ಲಿ ಗೆರೆಗಳಿರಲಿಲ್ಲ. ಕೈ ಹಿಡಿದು ಬೆಳಕಿಗೆ ತಿರುವಿದರೆ ಅಂಗೈ ಸವೆದ ಹೊಸ್ತಿಲಿನ ಹಾಗೆ ನುಣ್ಣಗೆ, ಗಟ್ಟಿಯಾಗಿ ಹೊಳೆಯುತ್ತಿತ್ತು. ಬುದ್ಧಿ ಬಂದಾಗಿನಿಂದ ರೊಟ್ಟಿ ಬಡಿದ ಕೈ ಅದು. ಒಮ್ಮೆ ಬೆಟಗೇರಿಯ ನಮ್ಮ ಓಣಿಗೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಬಂದ. ನಾವು ಹೆಣ್ಣುಮಕ್ಕಳೆಲ್ಲ ಸೇರಿ ದೊಡ್ಡವ್ವನನ್ನು ಅವನ ಮುಂದೆ ಕೂರಿಸಿದೆವು. ಆತ ಅಂಗೈ ಒರೆಸಿದ, ಹತ್ತಿರ ಹಿಡಿದ, ದೂರ ಹಿಡಿದ, ಕೊನೆಗೆ ಸೋತು, "ಯವ್ವಾ, ನಿಮ್ಮ ಕೈಯಾಗ ಮುಂದಿಂದು ಏನೂ ಕಾಣವಲ್ದು" ಅಂದ.

"ಕಾಣದಿದ್ರ ಬಿಡೋ ಮಾರಾಯಾ. ಮುಂದಿಂದು ಬಂದಾಗ ನೋಡೂಣಂತ. ಬಾ, ಕುಂಡ್ರು, ಬಿಸಿ ರೊಟ್ಟಿ ತಿನ್ನು" ಅಂದಳು ದೊಡ್ಡವ್ವ.

ಆತ ಶೇಂಗಾ ಚಟ್ನಿ ಹಚ್ಚಿಕೊಂಡು ಹೊಟ್ಟೆ ತುಂಬ ತಿಂದು, ದಕ್ಷಿಣೆ ಕೇಳುವುದನ್ನೇ ಮರೆತು ಹೋದ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ.

ದೊಡ್ಡವ್ವ ನನಗೆ ರಕ್ತಸಂಬಂಧಿಯಲ್ಲ. ಅಸುಂಡಿಯಿಂದ ಮದುವೆಯಾಗಿ ನಾನು ಬಂದ ಓಣಿಯಲ್ಲಿ ಹೆಣ್ಣುಮಕ್ಕಳದೊಂದು ರೊಟ್ಟಿ ಸಂಘವಿತ್ತು. ಅದರ ಹಿರಿಯಳು ಅವಳು. ಓಣಿಗೆಲ್ಲ ದೊಡ್ಡವ್ವ. 'ನೀವು' ಅಂದರೆ ತಿರುಗಿ ನೋಡುತ್ತಿರಲಿಲ್ಲ. "ನಿಮ್ಮವ್ವಗ ನೀವು ಅಂತೀಯೇನು?" ಎಂದು ಗದರುತ್ತಿದ್ದಳು. ಹಾಗಾಗಿ ಇಲ್ಲಿಯೂ ಏಕವಚನದಲ್ಲೇ ಬರೆಯುತ್ತೇನೆ. ಓದಿದವರು ನನಗೆ ಮರ್ಯಾದೆ ಬರುವುದಿಲ್ಲ ಅಂದುಕೊಂಡರೆ ಅಂದುಕೊಳ್ಳಲಿ.

ಸಂಘ ನಡೆಯುತ್ತಿದ್ದುದು ಓಣಿಯ ಕೊನೆಯ ಮಗ್ಗದ ಮನೆಯಲ್ಲಿ. ಅಲ್ಲಿ ಹಿಂದೆ ದೊಡ್ಡವ್ವನ ಗಂಡ ಕೈಮಗ್ಗ ಹೂಡಿ ಸೀರೆ ನೇಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅವರೂ ಇರಲಿಲ್ಲ, ಮಗ್ಗವೂ ಇರಲಿಲ್ಲ. ಮಗ್ಗದ ಕುಣಿ ಮುಚ್ಚಿ, ಮೇಲೆ ಎರಡು ಸಾಲು ಒಲೆ ಹಾಕಿದ್ದರು. ಒಂದು ಸಾಲಿನವರಿಗೆ ಇನ್ನೊಂದು ಸಾಲಿನವರ ಮುಖ ಕಾಣುವಂತೆ ಎದುರುಬದುರು ಕೂತು ರೊಟ್ಟಿ ಬಡಿಯುತ್ತಿದ್ದೆವು. ಬೆಳಿಗ್ಗೆ ಹರ್ತಿಯಿಂದ ಬಸ್ಸಿಗೆ ಐವರು ಬರುವರು. ಉಳಿದವರು ಓಣಿಯವರೇ. ಕೈ ರೊಟ್ಟಿಯ ಮೇಲೆ, ಬಾಯಿ ಊರ ಮೇಲೆ. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಯಾರ ಮಗ ಯಾವ ಹುಡುಗಿಯ ಹಿಂದೆ ಬಿದ್ದಿದ್ದಾನೆ ಎಂಬ ಖಬರೆಲ್ಲ ಆ ಸಾಲಿನಲ್ಲಿ ಮೊದಲು ಬೇಯುತ್ತಿತ್ತು. ಅದರಲ್ಲಿ ನನ್ನ ಪಾಲು ದೊಡ್ಡದು. ನಾನು ಮೊದಲಿನಿಂದ ಬಾಯಿಬಡಕಿ.

ದೊಡ್ಡವ್ವ ಎಲ್ಲರಿಗಿಂತ ಮೊದಲು ಬಂದು ಎಸರಿಡುತ್ತಿದ್ದಳು. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೀಳಬೇಕು, ಇಲ್ಲವಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ನಮ್ಮ ಕಡೆಯ ಹುಡುಗಿಯರಿಗೆ ಇದು ಹುಟ್ಟಾ ಗೊತ್ತು. ದೊಡ್ಡವ್ವ ಅದಕ್ಕೆ ತನ್ನದೊಂದು ಬಾಲ ಸೇರಿಸಿದ್ದಳು: "ಎಸರು ಹಾಕಲಾರದ ಹಿಟ್ಟು, ಒಂದ್ ಮಾತು ಕೇಳಲಾರದ ಮಂದಿ, ಎರಡೂ ಬಡಿಯೂಮುಂದ ಸೀಳತಾವ." ಆಗ ಅದು ಬರೀ ಗಾದೆ ಅನ್ನಿಸಿತ್ತು.

ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಹದವಾದ ಕೈ ಹರ್ತಿಯ ಗಂಗವ್ವನದು. ಅವಳ ರೊಟ್ಟಿ ಎತ್ತಿ ಹಿಡಿದರೆ ಆಚೆ ಬದಿಯ ಬೆಳಕು ಕಾಣಬೇಕು, ಅಷ್ಟು ತೆಳು. ಗಂಡ ಸತ್ತ ಹೊಸತರಲ್ಲಿ ಅವಳು ಸಂಘಕ್ಕೆ ಬಂದಾಗ ಬಾಯಿ ಬಿಡುತ್ತಲೇ ಇರಲಿಲ್ಲವಂತೆ. ಎದುರು ಸಾಲಿನಲ್ಲಿ ಯಾರೋ ಏನೋ ಚಾಷ್ಟಿ ಮಾಡಿದಾಗ ಒಂದು ದಿನ ಕಿಸಕ್ಕನೆ ನಕ್ಕಳಂತೆ, ಅಲ್ಲಿಂದ ಮಾತು ಮರಳಿತಂತೆ. ನಾನು ನೋಡುವ ಹೊತ್ತಿಗೆ ಅವಳ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಹೊಸತು ಅದು. ನಮ್ಮ ಖಡಕ್ ರೊಟ್ಟಿಗೆ ಹುಬ್ಬಳ್ಳಿಯ ಅಂಗಡಿಗಳಿಂದ, ಗದುಗಿನ ಹಾಸ್ಟೆಲ್ಲುಗಳಿಂದ ಬೇಡಿಕೆ ಏರಿತ್ತು. ಕೈ ಸಾಲುತ್ತಿರಲಿಲ್ಲ. ಸಂಜೆಗೆ ಒಬ್ಬೊಬ್ಬರೂ ಹೆಗಲು ಹಿಡಿದುಕೊಂಡು "ಅಯ್ಯಯ್ಯೋ ಶಿವನೇ" ಅನ್ನುತ್ತ ಏಳುತ್ತಿದ್ದೆವು. ಒಂದೇ ಅಳತೆಯ ರೊಟ್ಟಿ, ಹೇಳಿದ ಹೊತ್ತಿಗೆ ಬೇಕು ಅಂದ ಅಂಗಡಿಯವರು ಮಷೀನಿದ್ದವರ ಕಡೆ ಒಬ್ಬೊಬ್ಬರಾಗಿ ಸರಿಯತೊಡಗಿದರು. ಹೀಗೇ ನಡೆದರೆ ಒಲೆ ಆರುವುದು ಖಾತ್ರಿ ಎಂದು ನನಗೆ ಕಂಡಿತು. ಪಿಯುಸಿ ಓದಿದವಳೆಂಬ ಜಂಬ ಬೇರೆ. ಒಂದು ಮಧ್ಯಾಹ್ನ ಎದ್ದು ನಿಂತು ಕಾಲ ಬದಲಾಗಿದೆ, ನಾವೂ ಬದಲಾಗಬೇಕು, ಮಷೀನು ತರಬೇಕು ಎಂದು ಭಾಷಣ ಬಿಗಿದೆ. ಯಾರೂ ತಲೆ ಎತ್ತಲಿಲ್ಲ. ಭಾಷಣ ಮುಗಿದ ಮೇಲೆ ದೊಡ್ಡವ್ವ, "ಚಲೋ ಆತವ್ವಾ, ರಾಷ್ಟ್ರಗೀತಿ ಒಂದ ಉಳೀತು. ಕುಂಡ್ರು, ಹಂಚಿನ ಮ್ಯಾಲಿಂದು ಹೊತ್ತೈತಿ" ಅಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಸಿಟ್ಟಿನಿಂದ ಆವತ್ತು ಚಹಾ ಕುಡಿಯಲಿಲ್ಲ.

ಆದರೆ ದೊಡ್ಡವ್ವನ ತಲೆಯಲ್ಲಿ ಅದೇ ಓಡುತ್ತಿತ್ತು. ಎರಡು ದಿನ ಬಿಟ್ಟು, "ಲಕ್ಷ್ಮೇಶ್ವರದಾಗ ಒಂದ ಸಂಘದಾಗ ಮಷಿನ್ ತಂದಾರಂತ. ಹೆಂಗಿದ್ರೂ ಬಸ್ ಪುಕ್ಕಟೆ. ನಡೀರಿ, ನೋಡಿ ಬರೂಣು" ಎಂದು ಅಷ್ಟೂ ಜನರನ್ನು ಹೊರಡಿಸಿದಳು. ನಾವು ಬುತ್ತಿ ಕಟ್ಟಿಕೊಂಡು ಮದುವೆ ದಿಬ್ಬಣದ ಹಾಗೆ ಹೋದೆವು. ಅಲ್ಲಿ ಮಷೀನು ಗುಡುಗುಡು ಅನ್ನುತ್ತ ಹಿಟ್ಟು ನುಂಗಿ, ಒಂದೇ ಅಚ್ಚಿನ ರೊಟ್ಟಿಗಳನ್ನು ಪಟ್ಟಿಯ ಮೇಲೆ ಉಗುಳುತ್ತಿತ್ತು. ಗಂಗವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇದು ರೊಟ್ಟಿ ಅಲ್ಲ ಬೇ, ರಟ್ಟು" ಅಂದಳು.

ದೊಡ್ಡವ್ವ ವಾದ ಮಾಡಲಿಲ್ಲ. ತಾನೂ ಒಂದು ತುಂಡು ಅಗಿದು, "ಖರೆ ಐತಿ. ರುಚಿ ಇಲ್ಲ. ಎಸರು ಸರಿಯಾಗಿ ಹಾಕಿಲ್ಲ ಇವರು" ಅಂದಳು. ವಾಪಸು ಬರುವ ಬಸ್ಸಿನಲ್ಲಿ ಗಂಗವ್ವ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: "ಆ ದೆವ್ವ ನಮ್ಮ ಮಗ್ಗದ ಮನಿ ಹೊಸ್ತಿಲಾ ದಾಟಿದ ದಿನ ನಾ ಹೊಂಟೆ. ಮೊದಲ ಹೇಳೇನಿ."

ಗಂಗವ್ವ ಹೊರಟರೆ ಹರ್ತಿಯ ಉಳಿದ ನಾಲ್ವರೂ ಹೊರಡುತ್ತಿದ್ದರು. ಅವಳ ಬೆನ್ನಿಗೇ ಬಂದವರು ಅವರು. ಐವರು ಹೋದರೆ ಒಂದು ಸಾಲೇ ಖಾಲಿ. ಮಷೀನು ತಂದರೆ ಸಂಘ ಒಡೆಯುತ್ತದೆ, ತರದಿದ್ದರೆ ಮುಚ್ಚುತ್ತದೆ. ನನಗೆ ನಿದ್ದೆ ಬರಲಿಲ್ಲ. ದೊಡ್ಡವ್ವ ಮಾತ್ರ ಮರುದಿನ ಎಂದಿನಂತೆ ಎಸರಿಟ್ಟಳು.

ಆಮೇಲಿನ ದಿನಗಳಲ್ಲಿ ಅವಳು ಮಾಡಿದ್ದು ಇಷ್ಟೇ. ದಿನಕ್ಕೊಬ್ಬರ ಪಕ್ಕ ಮಣೆ ಹಾಕಿಕೊಂಡು ಕೂರುವುದು, ಅವರು ಸುಟ್ಟ ರೊಟ್ಟಿಯನ್ನೇ ಮುರಿದು ಇಬ್ಬರೂ ತಿನ್ನುವುದು, ಒಂದೇ ಪ್ರಶ್ನೆ ಕೇಳುವುದು. "ಮಷಿನ್ ಬಂದ್ರ ನಿಂದು ಏನ್ ಹೊಕ್ಕೈತಿ? ಖರೆ ಹೇಳು." ಏನು ಕಳೆದುಹೋಗುತ್ತದೆ ಎಂದಷ್ಟೇ, ಲಾಭದ ಮಾತೇ ಇಲ್ಲ. ನನ್ನನ್ನು ಕೇಳಿದಾಗ, "ಹೆಗಲ ನೋವು ಹೊಕ್ಕೈತಿ ನೋಡು" ಅಂದೆ. "ನಿಂದು ಬಿಡು. ನಿನಗ ಬಾಯಿ ಐತಿ, ಎಲ್ಲಿ ಒಗದ್ರೂ ಬದಕ್ತಿ" ಎಂದು ಎದ್ದು ಹೋದಳು.

ಗಂಗವ್ವನ ಸರದಿ ಬಂದಾಗ ನಾನು ಪಕ್ಕದ ಒಲೆಯಲ್ಲೇ ಇದ್ದೆ. ಗಂಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಹೇಳಿದಳು. "ಮನ್ಯಾಗ ನನ್ನ ಸಂಗಾಟ ಮಾತಾಡಾಕ ಗ್ವಾಡಿ ಒಂದ ಐತಿ ದೊಡ್ಡವ್ವಾ. ಇಲ್ಲಿ ಬಂದು ಕುಂತ್ರ ಎದುರಿಗೆ ಒಂದು ಮಾರಿ ಕಾಣತೈತಿ. ಲಕ್ಷ್ಮೇಶ್ವರದಾಗ ನೋಡಿದ್ಯಿಲ್ಲೋ? ಆ ಸಪ್ಪಳದಾಗ ಒಬ್ಬಾಕಿ ಮಾತು ಒಬ್ಬಾಕಿಗೆ ಕೇಳವಲ್ದು. ಎಲ್ಲಾರೂ ಮಷಿನ್ ಮಾರಿ ನೋಡ್ಕೋತ ನಿಂತಿದ್ರು. ದುಡಿಯಾಕ ನಾ ಅಂಜಾಂಗಿಲ್ಲ ಬೇ. ಮತ್ತ ಮೂಕಿ ಆಗಾಕ ಅಂಜತೇನಿ."

ಇಷ್ಟು ದಿನ ನಾನು ಅವಳನ್ನು ಹಟಮಾರಿ ಅಂತಲೇ ತಿಳಿದಿದ್ದೆ.

ದೊಡ್ಡವ್ವ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು. "ಇಲ್ಲೇ, ನೀ ಕುಂತ ಜಾಗಾದಾಗ ನಮ್ಮ ಮನಿಯವರ ಮಗ್ಗ ಇತ್ತು" ಎಂದು ಶುರು ಮಾಡಿದಳು. ನೇಯಿಸುತ್ತಿದ್ದ ಸಾಹುಕಾರ ಒಂದು ದಿನ ಬಂದು, ನಾಳೆಯಿಂದ ಕೈಮಗ್ಗದ ಸೀರೆ ಬೇಡ, ಕರೆಂಟ್ ಮಗ್ಗಕ್ಕೆ ಬರುವುದಾದರೆ ಬಾ ಎಂದು ಹೇಳಿ ಹೋದನಂತೆ. ಹೊಸ್ತಿಲ ಒಳಗೂ ಬರಲಿಲ್ಲವಂತೆ. ಗಂಡ ಹೋದರು, ಕಲಿತರು, ದುಡಿದರು. ಆದರೆ ಮನೆಯಲ್ಲಿ ಒಂದು ವರ್ಷ ಬಾಯಿ ತೆರೆದು ಮಾತಾಡಲಿಲ್ಲ. "ಮಗ್ಗ ಹೋತಂತ ಅವರು ಸಣ್ಣ ಆಗ್ಲಿಲ್ಲ ಗಂಗವ್ವಾ. ಯಾರೂ ಒಂದ್ ಮಾತು ಕೇಳ್ಲಿಲ್ಲಲ್ಲ, ಅದಕ್ಕ ಸಣ್ಣ ಆದ್ರು. ಆ ಸಾವಕಾರ ಒಳಗ ಬಂದು, ಕುಂತು, ಒಂದು ವಾಟೆ ನೀರು ಕುಡದು ಹೇಳಿದ್ರ ಸಾಕಾಗಿತ್ತು."

ಗಂಗವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ದೊಡ್ಡವ್ವನೇ ಮುಂದುವರಿಸಿದಳು. "ನಾ ಮಾತು ಕೊಡ್ತೇನಿ. ಮಷಿನ್ ಹಿಂದಿನ ಖೋಲ್ಯಾಗ ಇರ್ತೈತಿ. ಮಧ್ಯಾನ್ನ ಊಟದ ತನಕ ಅದರ ಗದ್ಲ. ಉಂಡ ಮ್ಯಾಲೆ ಬಂದ್ ಮಾಡೂದು. ಆಮ್ಯಾಲೆ ರೊಟ್ಟಿ ಜೋಡಸೂದು, ಚಟ್ನಿ ಕುಟ್ಟೂದು ಎಲ್ಲಾ ಈ ಸಾಲಿನಾಗ ಎದುರುಬದುರು ಕುಂತು. ಒಲಿ ತಗದ್ರೂ ಸಾಲು ತಗಿಯಾಂಗಿಲ್ಲ."

"ನೋಡೂಣು" ಅಂದಳು ಗಂಗವ್ವ. ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ.

ಎಲ್ಲರ ಸರದಿ ಮುಗಿದ ಮೇಲೆ ದೊಡ್ಡವ್ವ ಮಷೀನು ತರಿಸಿದಳು. ಅದು ಬಂದ ದಿನ ಶುಕ್ರವಾರ. ಹರ್ತಿಯ ಐವರೂ ಬಂದಿದ್ದರು, ಆದರೆ ಒಳಗೆ ಬರದೆ ಕಟ್ಟೆಯ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಯಾವಾಗ ಬೇಕಾದರೂ ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುವ ಹಾಗೆ. ದೊಡ್ಡವ್ವ ಅವರತ್ತ ನೋಡಲೇ ಇಲ್ಲ. ಹೊಸ ಸೊಸೆಗೆ ಮಾಡುವಂತೆ ಮಷೀನಿಗೆ ಆರತಿ ಮಾಡಿಸಿದಳು, ಅರಿಷಿಣ ಕುಂಕುಮ ಹಚ್ಚಿಸಿದಳು. ಉಡಿ ತುಂಬಲು ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ಖಣ. ಉಡಿ ತುಂಬುವುದು ಮುತ್ತೈದೆಯರ ಹಕ್ಕು. ಸಂಘದಲ್ಲಿ ಹಿರಿಯ ಮುತ್ತೈದೆ ಅಂದರೆ ನೀಲವ್ವ. ಅವಳು ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೈ ಚಾಚಿದಳು.

ದೊಡ್ಡವ್ವ ತಾಟು ಕೊಡಲಿಲ್ಲ. ಕಟ್ಟೆಯ ಕಡೆ ತಿರುಗಿ, "ಗಂಗವ್ವಾ, ಒಳಗ ಬಾ. ಸೊಸಿ ಉಡಿ ತುಂಬು" ಅಂದಳು.

ಗಂಗವ್ವ ಚೀಲವನ್ನು ಎದೆಗೆ ಅವಚಿಕೊಂಡಳು. ಗಂಡ ಹೋದ ಮೇಲೆ ಸ್ವಂತ ತಂಗಿಯ ಮದುವೆಯಲ್ಲೂ ಅವಳು ಹಿಂದಿನ ಗೋಡೆಗೆ ಒರಗಿ ನಿಂತವಳು.

"ಅಯ್ಯ ದೊಡ್ಡವ್ವಾ, ಏನಂತಿ ಬೇ? ಶುಭ ಕೆಲಸ ಇದು" ಅಂದಳು ನೀಲವ್ವ.

"ಹೌದು, ಶುಭ ಕೆಲಸನ ಐತಿ. ಅದಕ್ಕ ಆಕೀನ್ನ ಕರದೇನಿ. ಆಕಿ ಬಡದ ರೊಟ್ಟಿ ಊರಾಗಿನ ಎಷ್ಟ್ ಮದಿವ್ಯಾಗ ಬಡಿಸ್ಯಾರ, ನೀ ಉಂಡಿಲ್ಲೇನು? ಆವಾಗ ಯಾರಿಗರ ಅಪಶಕುನ ಆತೇನು? ನಿನ್ನ ಮಗಳು ಬಾಣಂತ್ಯಾಗಿದ್ದಾಗ ಯಾರ ರೊಟ್ಟಿ ತಿಂದಳು?"

ನೀಲವ್ವ ಒಂದು ಹೆಜ್ಜೆ ಹಿಂದೆ ಸರಿದಳು. ದೊಡ್ಡವ್ವನ ದನಿ ಮೆತ್ತಗಾಯಿತು. "ಸೊಸಿ ಬಂದ ಕೂಡ್ಲೇ ಅತ್ತಿ ಮನಿ ಬಿಟ್ಟು ಹೊಕ್ಕಾಳೇನು ಗಂಗವ್ವಾ? ಈ ಮನ್ಯಾಗ ಚಲೋ ರೊಟ್ಟಿ ಅಂದ್ರ ನಿಂದು. ಈಕಿಗೆ ನೀನ ಕಲಸಬೇಕು."

ಗಂಗವ್ವ ಚೀಲವನ್ನು ಪಕ್ಕದವಳ ಮಡಿಲಿಗೆ ಹಾಕಿ ಎದ್ದಳು. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು, ಆಮೇಲೆ ದಾಟಿದಳು. ರೊಟ್ಟಿ ಬಂದು ಬೀಳುವ ತಗಡಿನ ಮೇಲೆ ಖಣ ಹಾಸಿ, ಬೊಗಸೆಯಲ್ಲಿ ಅಕ್ಕಿ ಸುರಿದಳು. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಕೊನೆಗೆ ಕುಂಕುಮದ ಬಟ್ಟಲು ತಂದು, ಗಂಗವ್ವನ ಹಣೆಗೆ ಬೆರಳು ಚಾಚಿದವಳು ಯಾರು ಗೊತ್ತೇ? ನೀಲವ್ವ! ಅವತ್ತು ನಾವೆಲ್ಲ ಅತ್ತೆವು. ನನಗೆ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಇಷ್ಟಕ್ಕೆ ಎಲ್ಲ ಸುಸೂತ್ರವಾಯಿತು ಅಂದುಕೊಳ್ಳಬೇಡಿ. ಮೊದಲ ದಿನವೇ ಮಷೀನು ನಿಂತಿತು. ರೊಟ್ಟಿ ಬಡಿಯುವಾಗ ಕೆಳಗೆ ಒಣ ಹಿಟ್ಟು ಉದುರಿಸುವುದು ನಮ್ಮ ಕೈಗಳಿಗೆ ಹತ್ತಿದ ಚಾಳಿ. ಗಂಗವ್ವ ಓಡುವ ಪಟ್ಟಿಯ ಮೇಲೂ ಹಿಡಿ ಹಿಡಿ ಹಿಟ್ಟು ಉದುರಿಸಿದಳು. ಸಾಲದ್ದಕ್ಕೆ ಕೆಳಗೆ ಬಂದ ಪ್ರತಿ ರೊಟ್ಟಿಗೂ ಎರಡು ಏಟು ಬಡಿಯದೆ ಬಿಡಲಿಲ್ಲ. ಅವಳನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಹಿಟ್ಟು ಮೋಟಾರಿಗೆ ಹೋಗಿ, ಅದು ಒಮ್ಮೆ ಸೀನಿದಂತೆ ಮಾಡಿ, ನಮ್ಮ ಮುಖಕ್ಕೆಲ್ಲ ಬಿಳಿ ಬಳಿದು ಸುಮ್ಮನಾಯಿತು. ನನ್ನ ಬಾಯಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ದೊಡ್ಡವ್ವ ಬಿದ್ದು ಬಿದ್ದು ನಗತೊಡಗಿದಳು. "ಬೈಬ್ಯಾಡ್ರಿ ಸೊಸೀನ್ನ. ಬಂದ ದಿನಾನ ಇಷ್ಟು ಮಂದಿ ಅತ್ತೆಂದ್ರು ಕೂಡಿ ಬಡದ್ರ ಯಾಕಿ ತಡಕೊಂತಾಳ?"

ರಿಪೇರಿಯವನು ಬಂದ, ಬೈದ, ಚಹಾ ಕುಡಿದು ಹೋದ. ನಾವು ಕಲಿತೆವು, ನಿಧಾನಕ್ಕೆ. ಯಾರಿಗೆ ಎಷ್ಟು ದಿನ ಬೇಕೋ ಅಷ್ಟು ದಿನ. ಆ ಎರಡು ಏಟಿನ ಚಾಳಿಯನ್ನು ಬಿಡಿ ಎಂದು ದೊಡ್ಡವ್ವ ಯಾರಿಗೂ ಹೇಳಲಿಲ್ಲ. ತಾನಾಗಿಯೇ ಒಬ್ಬೊಬ್ಬರದೂ ಬಿಟ್ಟುಹೋಯಿತು. ಗುಂಡಿ ಒತ್ತಿ ಮಷೀನು ಹೂಡುವುದು ಗಂಗವ್ವನ ಕೆಲಸವಾಯಿತು. ಎಸರಿನ ಹದ ಅವಳೇ ನೋಡುತ್ತಿದ್ದಳು, ಹಾಗಾಗಿ ನಮ್ಮ ಮಷೀನಿನ ರೊಟ್ಟಿ ರಟ್ಟಾಗಲಿಲ್ಲ. ಹೋದ ಅಂಗಡಿಗಳು ಮರಳಿ ಬಂದವು. ಊಟವಾದ ಕೂಡಲೇ ಗಂಗವ್ವ ಎದ್ದು ಹೋಗಿ ಪಟ್ಟನೆ ಗುಂಡಿ ಆರಿಸಿ, "ಈಗ ಹೇಳ್ರಿ, ಏನ್ ಖಬರ?" ಅನ್ನುತ್ತ ಸಾಲಿನಲ್ಲಿ ಕೂರುತ್ತಿದ್ದಳು. ದೊಡ್ಡವ್ವ ಕೊಟ್ಟ ಮಾತು ಒಂದು ದಿನವೂ ತಪ್ಪಲಿಲ್ಲ, ಎಂಥಾ ಗಡಿಬಿಡಿಯ ಆರ್ಡರು ಬಂದರೂ.

ವರ್ಷ ತುಂಬಿದಾಗ ಸಂಘಕ್ಕೆ ರಜೆ ಹಾಕಿ ದೊಡ್ಡವ್ವ ನಮ್ಮನ್ನೆಲ್ಲ ಬಿಂಕದಕಟ್ಟಿಯ ಝೂಗೆ ಪ್ರಾಣಿ ನೋಡಲು ಕರೆದೊಯ್ದಳು. ರೊಟ್ಟಿ ಬುಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಹುಲಿಯ ಮುಂದೆ ಅವಳು ಬಹಳ ಹೊತ್ತು ನಿಂತಳು. "ಇದೂ ಹೊಂದ್ಕೊಂಡೈತಿ ನೋಡು. ಹೊತ್ತಿಗೆ ಸರಿಯಾಗಿ ಉಣ್ಣತೈತಿ, ಮಲಗತೈತಿ. ಆದ್ರ ಇಲ್ಲಿ ಬರ್ತೀಯೇನಂತ ಇದಕ್ಕ ಯಾರೂ ಕೇಳಿಲ್ಲ" ಅಂದಳು. ಆಮೇಲೆ ಮರದ ನೆರಳಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಉಂಡಳು. ಅಲ್ಲಿ ನಾನು ಕೇಳಿದೆ. "ದೊಡ್ಡವ್ವಾ, ಎಲ್ಲಾರಿಗೂ ಕೇಳಿದಿ. ನಿನಗ ಯಾರೂ ಕೇಳ್ಲಿಲ್ಲ. ಮಷಿನ್ ಬಂದು ನಿಂದು ಏನ್ ಹೋತು?"

ಅವಳಿಗೆ ಆಶ್ಚರ್ಯವಾದಂತಿತ್ತು. "ರೊಟ್ಟಿ ಬಡಿಯೂ ಸಪ್ಪಳ" ಅಂದಳು. "ಸಣ್ಣಾಕಿದ್ದಾಗ ನಮ್ಮವ್ವ ರೊಟ್ಟಿ ಬಡಿಯೂ ಸಪ್ಪಳಕ್ಕ ನನಗ ಎಚ್ಚರ ಆಗತಿತ್ತು. ಅವ್ವ ಅದಾಳ, ಹೊಟ್ಟಿಗೆ ಐತಿ ಅಂತ ಮತ್ತೊಂದು ಮಗ್ಗಲಾ ಹೊಳ್ಳಿ ಮಲಗತಿದ್ದೆ. ಈಗ ಓಣ್ಯಾಗ ಆ ಸಪ್ಪಳ ಇಲ್ಲ. ಇರಲಿ ಬಿಡು, ನಿಮ್ಮ ಹೆಗಲಿನ ನೋವೂ ಹೋತಲ್ಲ. ನೀ ಕೇಳಿದೆಲ್ಲ, ಅಷ್ಟು ಸಾಕು." ನನ್ನ ತಲೆಯ ಮೇಲೆ ಆ ಗಟ್ಟಿ ಅಂಗೈ ಇಟ್ಟು ಎದ್ದಳು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ನರಳಲಿಲ್ಲ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಮುಂಜಾನೆ ಎಸರಿಡಲು ಬರಲಿಲ್ಲವಲ್ಲ ಎಂದು ಹೋಗಿ ನೋಡಿದರೆ ಮಲಗಿದಲ್ಲೇ ಹೋಗಿದ್ದಳು. ಓಣಿಯ ಈ ತುದಿಯಲ್ಲಿ ಅವಳ ಮನೆ, ಆ ತುದಿಯಲ್ಲಿ ಮಗ್ಗದ ಮನೆ. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ಒಯ್ಯಬೇಕು. ಬೀಗರು ಬಿಜ್ಜರು ಬಹಳ ಮಂದಿ ಬರುವವರಿದ್ದರು. ನಮ್ಮ ಪದ್ಧತಿಯಂತೆ ಅವಳ ದೇಹವನ್ನು ಪಡಸಾಲೆಯಲ್ಲಿ ಕೂರಿಸಿ ಹೂವು ಹಾಕಿದ ಮೇಲೆ ನಾವು ಕಣ್ಣೊರೆಸಿಕೊಂಡು ರೊಟ್ಟಿ ಮಾಡಲು ಬಂದೆವು.

ಗಂಗವ್ವ ಅಭ್ಯಾಸದಂತೆ ಮಷೀನಿನ ಗುಂಡಿಗೆ ಕೈ ಚಾಚಿದಳು. ಬಿಂಕದಕಟ್ಟಿಯಲ್ಲಿ ದೊಡ್ಡವ್ವ ನನ್ನೊಬ್ಬಳಿಗೇ ಹೇಳಿದ್ದ ಸಪ್ಪಳದ ಮಾತನ್ನು ನಾನು ಆಗ ಅವಳಿಗೆ ಹೇಳಿದೆ. ಅವಳು ಚಾಚಿದ ಕೈ ಹಿಂದೆಗೆದಳು. ಹೋಗಿ, ಅಟ್ಟದ ಮೇಲಿದ್ದ ಹಳೆಯ ಹಂಚು ಇಳಿಸಿದಳು. ನೀಲವ್ವ ಅಂಗಳದಲ್ಲಿ ಕಲ್ಲು ಹೂಡಿ ಒಲೆ ಮಾಡಿದಳು. ಎದುರುಬದುರು ಕೂತೆವು. ಮೊದಮೊದಲು ಕೈಗಳು ತೊದಲಿದವು. ಆಮೇಲೆ ಒಬ್ಬಳ ಬಡಿತಕ್ಕೆ ಇನ್ನೊಬ್ಬಳ ಬಡಿತ ಕೂಡಿಕೊಂಡು ಆ ಸಪ್ಪಳ ಎದ್ದಿತು. ಅಂಗಳ ದಾಟಿ ಓಣಿಯುದ್ದಕ್ಕೂ, ದೊಡ್ಡವ್ವ ಕೂತಿದ್ದ ಪಡಸಾಲೆಯವರೆಗೂ ಕೇಳಿತಂತೆ. ಅಳುತ್ತಿದ್ದವರು ಸುಮ್ಮನಾಗಿ ಕೇಳಿದರು ಎಂದು ಬೇರೆ ಊರಿನಿಂದ ಓಡಿ ಬಂದಿದ್ದ ಅವಳ ಮಗ ಆಮೇಲೆ ಹೇಳಿದ.

ಬುಟ್ಟಿ ತುಂಬುವ ಹೊತ್ತಿಗೆ ನಮ್ಮ ಅಂಗೈಗಳು ಕೆಂಡದಂತೆ ಉರಿಯುತ್ತಿದ್ದವು. ಗಂಗವ್ವ ತನ್ನ ಕೈಯನ್ನು ತಣ್ಣೀರಲ್ಲಿ ಅದ್ದಿ, ಸೆರಗಿನಿಂದ ಒರೆಸಿಕೊಂಡು, ಬಿಸಿಲಿಗೆ ಹಿಡಿದು ನೋಡಿದಳು. ಮತ್ತೆ ನೋಡಿದಳು. ಮಷೀನು ಬರುವ ಮೊದಲು ದೊಡ್ಡವ್ವನ ಕೈಯಂತೆಯೇ ಸವೆದು ನುಣ್ಣಗಿದ್ದ ಕೈ ಅದು.

"ಇಲ್ಲಿ ನೋಡ್ಲೇ" ಎಂದು ನನ್ನ ಮುಂದೆ ಚಾಚಿದಳು. "ನನ್ನ ಕೈಯಾಗ ಗೆರಿ ಮೂಡ್ಯಾವ."

ನಾನು ನನ್ನ ಕೈಯನ್ನೂ ತಿರುವಿ ಅವಳದರ ಪಕ್ಕ ಹಿಡಿದೆ. ಆಮೇಲೆ ಇಬ್ಬರೂ ಬುಟ್ಟಿಯ ಒಂದೊಂದು ಬದಿ ಹಿಡಿದು, ಬಿಸಿ ಆರುವ ಮೊದಲು ದೊಡ್ಡವ್ವನ ಮನೆಗೆ ಒಯ್ದೆವು.